ಗಣಿಯ ರಾಜಧನ ಊರಿನ ಟ್ರಸ್ಟ್‌ಗೆ ಬಂದರೆ: ಆಸ್ಟ್ರೇಲಿಯಾದ ಮೂಲನಿವಾಸಿಗಳ ಅನುಭವ

ಪ್ರಶ್ನೆ: ನಾನು ಸಂಡೂರು ಕಡೆಯ ಹಳ್ಳಿಯವಳು, ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ನಮ್ಮಕ್ಕ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನರ್ಸ್. ಅಲ್ಲಿನ ಮೂಲನಿವಾಸಿಗಳಿಗೆ ಗಣಿಯ ರಾಯಲ್ಟಿ (ಖನಿಜ ತೆಗೆದದ್ದಕ್ಕೆ ಕಂಪನಿ ಕಟ್ಟುವ ರಾಜಧನ) ದುಡ್ಡು ಟ್ರಸ್ಟ್ ಮೂಲಕ ಬರುತ್ತದಂತೆ. ಶಾಲೆಗೆ, ಡಯಾಲಿಸಿಸ್‌ಗೆ, ಸತ್ತವರ ಕಾರ್ಯಕ್ಕೂ ಅದರಿಂದ ಕೊಡುತ್ತಾರಂತೆ. ಇದು ಕಂಪನಿಯವರು ಮಾಡುವ ದಾನವಾ, ಜನರ ಹಕ್ಕಾ? ಕೈಗೆ ದುಡ್ಡು ಕೊಡದೆ ಟ್ರಸ್ಟ್ ಯಾಕೆ? ಯಾರಿಗೆ ಎಷ್ಟು ಅಂತ ಯಾರು ತೀರ್ಮಾನಿಸುತ್ತಾರೆ? ನಮ್ಮಲ್ಲಿ ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನ) ಇದೆ. ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ನಾವು ಅದರಿಂದ ಕೇಳಬಹುದಾ?

ಉತ್ತರ: ನಿಮ್ಮಕ್ಕ ಹೇಳಿದ್ದು ನಿಜ. ಹಾಸ್ಟೆಲ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಕೇಳಬಹುದು, ಕೇಳಲೇಬೇಕು ಅಂತ ಈಗಲೇ ಹೇಳಿಬಿಡುತ್ತೇನೆ. ಆದರೆ ಹೇಗೆ ಕೇಳಬೇಕು ಅನ್ನುವುದು ತಿಳಿಯಬೇಕಾದರೆ ಆಸ್ಟ್ರೇಲಿಯಾದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಟ್ರಸ್ಟ್ ಡೀಡ್ (ಟ್ರಸ್ಟ್ ಕಟ್ಟುವ ಕರಾರುಪತ್ರ) ಓದುವುದು, ಲೆಕ್ಕ ತಪಾಸಣೆ ಮಾಡುವುದು ನನ್ನ ಕೆಲಸ. ಎಲ್ಲಿ ಹೋದರೂ ಜನ ಮೊದಲು ಕೇಳುವುದು ‘ಎಷ್ಟು ಕೋಟಿ ಬಂತು?’ ಅಂತ. ಇಷ್ಟು ವರ್ಷದ ಮೇಲೆ ನಾನು ಮೊದಲು ಕೇಳುವುದು ಬೇರೆ. ದುಡ್ಡು ಇಂಥದ್ದಕ್ಕೇ ಹೋಗಲಿ ಅಂತ ಹೇಳಿದವರು ಯಾರು? ಅವರ ಮನೆ ಗಣಿಯಿಂದ ಎಷ್ಟು ದೂರ ಇದೆ?

ಮೊದಲು ದಾನವೋ ಹಕ್ಕೋ ಅನ್ನುವುದು. ಆಲಿಸ್ ಸ್ಪ್ರಿಂಗ್ಸ್ ಇರುವುದು ನಾರ್ದರ್ನ್ ಟೆರಿಟರಿ ಅನ್ನುವ ಪ್ರಾಂತ್ಯದಲ್ಲಿ. ಅಲ್ಲಿ ಗಣಿ ದುಡ್ಡಿನ ನಿಧಿ ಮೊದಲು ಬಂದದ್ದು 1952ರಲ್ಲಿ. ಆಗ ಮೂಲನಿವಾಸಿಗಳಿಗೆ ಭೂಮಿಯ ಮೇಲೆ ಕಾನೂನು ಒಪ್ಪಿದ ಯಾವ ಹಕ್ಕೂ ಇರಲಿಲ್ಲ. ಅವರು ಇದ್ದ ಮೀಸಲು ಪ್ರದೇಶದಲ್ಲಿ ಗಣಿಗೆ ಬಾಗಿಲು ತೆರೆದಾಗ, ಬಂದ ರಾಯಲ್ಟಿಯನ್ನು ಅವರ ಹೆಸರಿನ ಒಂದು ನಿಧಿಗೆ ಹಾಕುವುದು ಅಂತ ಸರ್ಕಾರ ತೀರ್ಮಾನಿಸಿತು. ಅವರನ್ನು ಯಾರೂ ಕೇಳಲಿಲ್ಲ. ಖರ್ಚು ಮಾಡುವವರೂ ಅಧಿಕಾರಿಗಳೇ. ಅಂದರೆ ಶುರುವಿನಲ್ಲಿ ಅದು ದಾನದ ರೂಪದಲ್ಲೇ ಇತ್ತು.

ಅದನ್ನು ಹಕ್ಕು ಮಾಡಿಸಿದ್ದು ಜನ. 1963ರಲ್ಲಿ ಯಿರ್ಕಲಾ ಅನ್ನುವ ಊರಿನ ಯೋಲ್ಙು ಜನ ಸಂಸತ್ತಿಗೆ ಒಂದು ಮನವಿ ಕಳಿಸಿದರು. ಅವರ ನೆಲದಲ್ಲಿ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ತೆಗೆಯಲು ಜಾಗ ಕತ್ತರಿಸಿ ಕೊಟ್ಟಿದ್ದರು, ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಮನವಿಯನ್ನು ಮೊದಲು ತಮ್ಮ ಭಾಷೆಯಲ್ಲಿ ಬರೆದರು, ಕೆಳಗೆ ಇಂಗ್ಲಿಷ್ ಹಾಕಿದರು. ಟೈಪ್ ಮಾಡಿದ ಆ ಹಾಳೆಯನ್ನು ಮರದ ತೊಗಟೆಯ ಮೇಲೆ ಅಂಟಿಸಿ, ಸುತ್ತ ತಮ್ಮ ಕುಲದ ಚಿತ್ತಾರ ಬರೆದರು. ಅವರ ಪಾಲಿಗೆ ಆ ಚಿತ್ತಾರವೇ ಭೂಮಿಯ ಪತ್ರ. ನಮ್ಮಲ್ಲಿ ಪಹಣಿ ಲಗತ್ತಿಸುತ್ತೇವಲ್ಲ, ಹಾಗೆ ಅಂದುಕೊಳ್ಳಿ. ಆ ಮನವಿಯಿಂದ ಗಣಿ ನಿಲ್ಲಲಿಲ್ಲ. ಅವರು ಕೋರ್ಟಿಗೆ ಹೋದರು, 1971ರಲ್ಲಿ ಸೋತರು. ನಿಮ್ಮ ಭೂಮಿಯ ಪದ್ಧತಿಯನ್ನು ಈ ದೇಶದ ಕಾನೂನು ಗುರುತಿಸುವುದಿಲ್ಲ ಅಂತ ತೀರ್ಪು ಬಂತು. ಆದರೆ ಆ ಸೋಲು ದೇಶಕ್ಕೆ ಚುಚ್ಚಿತು. ಮುಂದೆ ಒಂದು ವಿಚಾರಣಾ ಆಯೋಗ ಕೂತಿತು. 1976ರಲ್ಲಿ ನಾರ್ದರ್ನ್ ಟೆರಿಟರಿಗೆ ಮೂಲನಿವಾಸಿ ಭೂ ಹಕ್ಕು ಕಾಯ್ದೆ ಬಂತು. ಇವತ್ತು ಆ ಪ್ರಾಂತ್ಯದ ಹತ್ತಿರ ಹತ್ತಿರ ಅರ್ಧ ನೆಲ ಆ ಕಾಯ್ದೆಯ ಕೆಳಗೆ ಅವರದ್ದೇ. 1971ರಲ್ಲಿ ಸೋತ ಆ ನೆಲದ ವಿಷಯವೂ ಅಲ್ಲಿಗೇ ಮುಗಿಯಲಿಲ್ಲ. ಅಲ್ಲಿನ ಗುಮಾಟ್ಜ್ ಕುಲದವರು ಮತ್ತೆ ಕೋರ್ಟಿಗೆ ಹೋಗಿದ್ದರು. ಹಕ್ಕು ಕಿತ್ತುಕೊಂಡದ್ದಕ್ಕೆ ನ್ಯಾಯವಾದ ಪರಿಹಾರ ಕೇಳಲು ಅವರಿಗೆ ಅವಕಾಶ ಇದೆ ಅಂತ ಆ ದೇಶದ ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಹೇಳಿತು.

ಈಗ ದುಡ್ಡಿನ ದಾರಿ. ಇಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ. ನೆಲ ಮೂಲನಿವಾಸಿಗಳದ್ದಾದರೂ ಅದರೊಳಗಿನ ಖನಿಜ ಸರ್ಕಾರದ್ದೇ. ಕಂಪನಿ ರಾಯಲ್ಟಿ ಕಟ್ಟುವುದು ಪ್ರಾಂತ್ಯದ ಸರ್ಕಾರಕ್ಕೆ. ನಮ್ಮ ಗಣಿ ಇಲಾಖೆಯ ಕಾಗದದಲ್ಲಿ ‘ರಾಜಧನ’ ಅಂತ ಇರುತ್ತದಲ್ಲ, ಅದೇ. ಮೂಲನಿವಾಸಿಗಳ ನೆಲದ ಗಣಿಗಳಿಂದ ಹೀಗೆ ಎಷ್ಟು ಬಂತೋ ಅಷ್ಟೇ ಮೊತ್ತವನ್ನು ಕೇಂದ್ರ ಸರ್ಕಾರ ತನ್ನ ಖಜಾನೆಯಿಂದ ತೆಗೆದು ಒಂದು ಪ್ರತ್ಯೇಕ ಖಾತೆಗೆ ಹಾಕುತ್ತದೆ. ಅದರ ಹೆಸರು ಅಬೊರಿಜಿನಲ್ಸ್ ಬೆನಿಫಿಟ್ ಅಕೌಂಟ್. ಹಾಗಾಗಿ ಈ ದುಡ್ಡಿಗೆ ಅವರು ಕಂಪನಿಗೆ ಋಣಿಗಳಲ್ಲ. ಕಾಯ್ದೆಯ ಪ್ರಕಾರ ಬರಬೇಕಾದದ್ದು, ಬರುತ್ತದೆ.

ಆ ಖಾತೆಯಿಂದ ಮೂರು ಕಾಲುವೆ ಹೊರಡುತ್ತವೆ. ಒಂದು, ಲ್ಯಾಂಡ್ ಕೌನ್ಸಿಲ್‌ಗಳ ಖರ್ಚಿಗೆ. ಇವು ಭೂಮಿಯ ಒಡೆಯರ ಪರವಾಗಿ ಕಂಪನಿ, ಸರ್ಕಾರದ ಜೊತೆ ಮಾತಾಡುವ ಮಂಡಳಿಗಳು. ವಕೀಲರು, ಮಾನವಶಾಸ್ತ್ರಜ್ಞರು, ಜೀಪು, ಡೀಸೆಲ್ ಎಲ್ಲ ಇದರಲ್ಲೇ. ಪ್ರಾಂತ್ಯದಲ್ಲಿ ಅಂಥ ನಾಲ್ಕು ಮಂಡಳಿಗಳಿವೆ. ಎರಡನೆಯದು ಶೇ. 30. ಯಾವ ಜಾಗದಲ್ಲಿ ಗಣಿ ಇದೆಯೋ ಅಲ್ಲಿನ ಬಾಧಿತ ಜನರ ಸಂಘಗಳಿಗೆ ಇದು ಲ್ಯಾಂಡ್ ಕೌನ್ಸಿಲ್ ಮೂಲಕ ಹೋಗುತ್ತದೆ. ಮೂರನೆಯದು ಇಡೀ ಪ್ರಾಂತ್ಯದ ಮೂಲನಿವಾಸಿಗಳ ಒಳಿತಿಗೆ ಕೊಡುವ ಸಹಾಯಧನ. ಈ ಮೂರನೆಯದು ನನಗೆ ಇಷ್ಟವಾದ ಏರ್ಪಾಡು. ಯಾರ ನೆಲದ ಕೆಳಗೆ ಅದಿರು ಇಲ್ಲವೋ ಅವರೂ ಬರಿಗೈಯಲ್ಲಿ ಕೂರಬೇಕಾಗಿಲ್ಲ.

ಇದರ ಜೊತೆಗೆ ಇನ್ನೊಂದು ಇದೆ, ದುಡ್ಡಿಗಿಂತ ದೊಡ್ಡದು. ಆ ಕಾಯ್ದೆಯ ಕೆಳಗೆ ಭೂಮಿಯ ಒಡೆಯರು ಗಣಿ ಹುಡುಕುವುದಕ್ಕೇ ‘ಬೇಡ’ ಅನ್ನಬಹುದು. ಬೇಡ ಅಂದರೆ ಐದು ವರ್ಷ ಮತ್ತೆ ಕೇಳುವ ಹಾಗಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಂಥ ಕಡೆ ಈ ಬಲ ಇಲ್ಲ. ಅಲ್ಲಿ ನಡೆಯುವುದು ಮೂಲನಿವಾಸಿಗಳ ಹಳೆಯ ಭೂ ಹಕ್ಕನ್ನು ಒಪ್ಪಿದ 1992ರ ಮಾಬೊ ತೀರ್ಪಿನ ನಂತರ ಬಂದ 1993ರ ನೇಟಿವ್ ಟೈಟಲ್ ಕಾಯ್ದೆ. ಅದರಲ್ಲಿ ಮಾತುಕತೆಗೆ ಕೂರುವ ಹಕ್ಕು ಇದೆ, ತಡೆಯುವ ಹಕ್ಕಿಲ್ಲ. ಆರು ತಿಂಗಳಲ್ಲಿ ಒಪ್ಪಂದ ಆಗದಿದ್ದರೆ ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ಬೇಡ ಅನ್ನಲು ಆಗದವರು ಒಳ್ಳೆಯ ದರಕ್ಕೆ ಒಪ್ಪಿಸುವುದೂ ಕಷ್ಟ ಅಲ್ವಾ?

ಯಾರು ತೀರ್ಮಾನಿಸುತ್ತಾರೆ ಅಂತ ಕೇಳಿದ್ದೀರಿ. ಅಲ್ಲಿನವರು ದಶಕಗಟ್ಟಲೆ ಜಗಳ ಆಡಿದ್ದು ಇದರ ಮೇಲೇ. ಆ ಮೂರನೆಯ ಕಾಲುವೆಯ ಸಹಾಯಧನಕ್ಕೆ ಮೂಲನಿವಾಸಿಗಳ ಒಂದು ಸಲಹಾ ಸಮಿತಿ ಇತ್ತು. ಅದು ಅರ್ಜಿಗಳನ್ನು ನೋಡಿ ಅಭಿಪ್ರಾಯ ಹೇಳುತ್ತಿತ್ತು, ಕೊನೆಯ ಸಹಿ ಮಾತ್ರ ದೂರದ ರಾಜಧಾನಿ ಕ್ಯಾನ್‌ಬೆರಾದ ಮಂತ್ರಿಯದ್ದು. ‘ನಮ್ಮ ನೆಲದ ದುಡ್ಡಿಗೆ ನಾವೇ ಅರ್ಜಿ ಹಾಕಿಕೊಂಡು ಕಾಯಬೇಕಾ?’ ಅನ್ನುವುದು ಅವರ ಪ್ರಶ್ನೆ. 2021ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 2022ರ ಕೊನೆಗೆ ಆ ಸಹಾಯಧನ ನೋಡಿಕೊಳ್ಳುವ ಒಂದು ಹೊಸ ನಿಗಮ ಕೆಲಸ ಶುರು ಮಾಡಿತು. ಅದರ ಆಡಳಿತ ಮಂಡಳಿಯಲ್ಲಿ ಲ್ಯಾಂಡ್ ಕೌನ್ಸಿಲ್‌ಗಳು ಆರಿಸಿದವರೇ ಜಾಸ್ತಿ. ಖಾತೆಯಿಂದ 50 ಕೋಟಿ ಆಸ್ಟ್ರೇಲಿಯನ್ ಡಾಲರ್ ಅದಕ್ಕೆ ಮೂಲಧನವಾಗಿ ಬಂತು. 1952ರಿಂದ ಲೆಕ್ಕ ಹಾಕಿದರೆ, ಕೀಲಿಕೈ ಜನರ ಕೈಗೆ ಬರಲು 70 ವರ್ಷ ಹಿಡಿಯಿತು.

ಈಗ ಟ್ರಸ್ಟ್ ಯಾಕೆ ಅನ್ನುವುದಕ್ಕೆ ಬರುತ್ತೇನೆ. ಒಂದು ಊರಿನ ಉದಾಹರಣೆ ಹಿಡಿದೇ ಹೇಳುತ್ತೇನೆ.

ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ಸುಮಾರು 290 ಕಿ.ಮೀ. ಹೋದರೆ ಯುಯೆಂಡುಮು ಅನ್ನುವ ಊರು. ಬೆಂಗಳೂರಿನಿಂದ ಬಳ್ಳಾರಿ ಹತ್ತಿರ ಬಂದಷ್ಟು ದೂರ, ನಡುವೆ ಮರುಭೂಮಿ. ಅಲ್ಲಿರುವವರು ವಾರ್ಲ್‌ಪಿರಿ ಜನ. ಅವರ ನೆಲದಲ್ಲಿ, ಟನಾಮಿ ಮರುಭೂಮಿಯೊಳಗೆ, ಗ್ರಾನೈಟ್ಸ್ ಅನ್ನುವ ಕಡೆ ಚಿನ್ನದ ಗಣಿ ಇದೆ. ನ್ಯೂಮಾಂಟ್ ಕಂಪನಿ ನಡೆಸುತ್ತದೆ. ಗಣಿಯ ದುಡ್ಡು ಬರುವುದು ಕುರ್ರಾ ಅನ್ನುವ ಅವರದೇ ಸಂಘಕ್ಕೆ. ಮೊದಲೆಲ್ಲ ರಾಯಲ್ಟಿ ಅಂದರೆ ಹಂಚಿಕೆ. ಸಭೆ ಸೇರುವುದು, ಕುಟುಂಬಗಳಿಗೆ ಪಾಲು ಹೋಗುವುದು. ಒಂದು ಹಳೆಯ ಕಾರು, ಒಂದಿಷ್ಟು ಸಾಮಾನು, ಸಾಲ ತೀರಿಸುವುದು, ಅಲ್ಲಿಗೆ ಮುಗಿಯಿತು. ಅದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಬಡವರ ಕೈಗೆ ಬಂದ ದುಡ್ಡು ಮನೆ ಖರ್ಚಿಗೇ ಹೋಗುತ್ತದೆ, ಯಾವ ದೇಶದಲ್ಲಾದರೂ.

ಆದರೆ ಅಲ್ಲಿನ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದ ವಾರ್ಲ್‌ಪಿರಿ ಹೆಂಗಸರು ಒಂದು ಮಾತು ಎತ್ತಿದರು. ಚಿನ್ನ ಒಂದು ದಿನ ಮುಗಿಯುತ್ತದೆ, ಮಕ್ಕಳ ಓದಿಗೆ ಏನು ಇಟ್ಟಿದ್ದೇವೆ ಅಂತ. ಯುಯೆಂಡುಮು ಶಾಲೆಯಲ್ಲಿ 1974ರಿಂದ ವಾರ್ಲ್‌ಪಿರಿ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುತ್ತಿದ್ದರು. ಅದಕ್ಕೆ ಸರ್ಕಾರದ ಬೆಂಬಲ ಕುಸಿಯುತ್ತಾ ಬಂದಿತ್ತು. ಇವರು ಒತ್ತಾಯ ಮಾಡಿ ಮಾಡಿ, 2005ರ ಹೊತ್ತಿಗೆ ಕುರ್ರಾ, ಸೆಂಟ್ರಲ್ ಲ್ಯಾಂಡ್ ಕೌನ್ಸಿಲ್ ಮತ್ತು ಕಂಪನಿ ಸೇರಿ ವಾರ್ಲ್‌ಪಿರಿ ಶಿಕ್ಷಣ ಮತ್ತು ತರಬೇತಿ ಟ್ರಸ್ಟ್ ಕಟ್ಟಿದರು. ರಾಯಲ್ಟಿಯ ಒಂದು ಪಾಲು ಹಂಚಿಕೆಗೆ ಹೋಗದೆ ನೇರ ಇದಕ್ಕೆ ಬರುತ್ತದೆ. ಯುಯೆಂಡುಮು, ಲಾಜಮಾನು, ನಿರ್ರಿಪಿ, ವಿಲೋರಾ, ನಾಲ್ಕು ಊರಿಗೆ ಒಂದೇ ಟ್ರಸ್ಟ್.

ಅವರು ಯಾವುದಕ್ಕೆ ಖರ್ಚು ಮಾಡಿದರು ನೋಡಿ. ಮಕ್ಕಳನ್ನು ಹಿರಿಯರ ಜೊತೆ ಅವರ ಪೂರ್ವಿಕರ ಜಾಗಗಳಿಗೆ ಕರೆದುಕೊಂಡು ಹೋಗಿ ವಾಸ್ತವ್ಯ ಹೂಡುತ್ತಾರೆ. ಅಲ್ಲಿ ಗಿಡ, ಹೆಜ್ಜೆಗುರುತು, ಕಥೆ, ಹಾಡು ಕಲಿಸುತ್ತಾರೆ. ಕಲಿಸುವ ಅಜ್ಜ ಅಜ್ಜಿಯರಿಗೆ ಟ್ರಸ್ಟ್ ಸಂಬಳ ಕೊಡುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಸರ್ಕಾರದ ಯಾವ ಫಾರಂನಲ್ಲೂ ‘ಅಜ್ಜಿಗೆ ಪಾಠದ ಸಂಬಳ’ ಅಂತ ಕಲಂ ಇರುವುದಿಲ್ಲ. ಊರಿನವರೇ ಕೂತು ಬರೆದಾಗ ಮಾತ್ರ ಅಂಥ ಕಲಂ ಹುಟ್ಟುತ್ತದೆ. ಇದರ ಜೊತೆ ವಾರ್ಲ್‌ಪಿರಿ ಪುಸ್ತಕಗಳು, ಪುಟ್ಟ ಮಕ್ಕಳ ಕಲಿಕೆ, ದೊಡ್ಡವರಿಗೆ ಕಲಿಕಾ ಕೇಂದ್ರ, ಹೈಸ್ಕೂಲು ಮಕ್ಕಳಿಗೆ ಪ್ರವಾಸ ಎಲ್ಲ ಬಂದವು. 2008ರ ಅಕ್ಟೋಬರಿನಲ್ಲಿ ಪ್ರಾಂತ್ಯದ ಸರ್ಕಾರ ಒಂದು ಆದೇಶ ಹೊರಡಿಸಿತು: ಶಾಲೆಯಲ್ಲಿ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷ್‌ನಲ್ಲೇ ಪಾಠ ಆಗಬೇಕು. ಆಗ ವಾರ್ಲ್‌ಪಿರಿಯನ್ನು ಶಾಲೆಯ ಸುತ್ತ ಹಿಡಿದು ಉಳಿಸಿಕೊಳ್ಳಲು ಈ ಟ್ರಸ್ಟಿನ ದುಡ್ಡು ಬೆನ್ನಿಗಿತ್ತು. ಬೇರೆಯವರ ಅನುದಾನವಾಗಿದ್ದರೆ ಆದೇಶ ಬಂದ ದಿನವೇ ಭಾಷೆಯ ಕೆಲಸಕ್ಕೂ ಬೀಗ ಬೀಳಬಹುದಿತ್ತು.

ನಿಮ್ಮಕ್ಕ ಹೇಳಿದ ಡಯಾಲಿಸಿಸ್ ವಿಷಯವೂ ಇಲ್ಲೇ ಬರುತ್ತದೆ. ಆ ಮರುಭೂಮಿಯ ಜನರಲ್ಲಿ ಕಿಡ್ನಿ ಕಾಯಿಲೆ ಬಹಳ. ಡಯಾಲಿಸಿಸ್ ಅಂದರೆ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕೈದು ಗಂಟೆ ಮಿಷನ್ ಪಕ್ಕ. ಯಂತ್ರ ಇದ್ದದ್ದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ. ವಾರಕ್ಕೆ ಮೂರು ಸಲ 290 ಕಿ.ಮೀ. ಯಾರು ಓಡಾಡುತ್ತಾರೆ? ಕಾಯಿಲೆ ಬಂತು ಅಂದರೆ ಊರು ಬಿಟ್ಟ ಹಾಗೇ. ಹಿರಿಯರು ಪಟ್ಟಣದ ಯಾವುದೋ ಮೂಲೆಯಲ್ಲಿ ಇದ್ದು, ಮೊಮ್ಮಕ್ಕಳ ಮುಖ ನೋಡದೆ ಸಾಯುತ್ತಿದ್ದರು. ಇದಕ್ಕೆ ಮೊದಲ ದಾರಿ ತೋರಿಸಿದವರು ಪಶ್ಚಿಮದ ಪಿಂಟುಪಿ ಜನ. 2000ದಲ್ಲಿ ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜು ಹಾಕಿ 10 ಲಕ್ಷ ಡಾಲರಿಗೂ ಜಾಸ್ತಿ ಒಟ್ಟುಮಾಡಿದರು. ತಮ್ಮ ಊರಿಗೇ ಯಂತ್ರ ತರಿಸಿದರು. ಆ ಸಂಸ್ಥೆಗೆ ಈಗ ಪರ್ಪಲ್ ಹೌಸ್ ಅಂತ ಹೆಸರು. ಅದನ್ನು ನೋಡಿದ ವಾರ್ಲ್‌ಪಿರಿ ಜನ ತಮ್ಮ ಚಿನ್ನದ ರಾಯಲ್ಟಿಯಲ್ಲಿ ಒಂದು ಪಾಲು ತೆಗೆದು ಯುಯೆಂಡುಮುಗೂ ಡಯಾಲಿಸಿಸ್ ತಂದರು. ಈಗ ಒಬ್ಬ ಅಜ್ಜ ಬೆಳಿಗ್ಗೆ ಯಂತ್ರದ ಪಕ್ಕ ಕೂತು, ಮಧ್ಯಾಹ್ನ ತನ್ನ ಮನೆ ಅಂಗಳದಲ್ಲಿ ಇರಬಹುದು.

ಅದು ಸರ್ಕಾರ ಮಾಡಬೇಕಾದ ಕೆಲಸ ಅಲ್ವಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಲ್ಲಿಯೂ ಇದೇ ನೋವು ಇದೆ. ರಾಯಲ್ಟಿ ಬರುತ್ತದೆ ಅಂತ ಗೊತ್ತಾದ ಕೂಡಲೇ ಇಲಾಖೆಗಳು ಕೈ ತೊಳೆದುಕೊಳ್ಳಲು ನೋಡುತ್ತವೆ. ‘ನಿಮ್ಮ ಟ್ರಸ್ಟ್‌ನಲ್ಲಿ ದುಡ್ಡಿದೆಯಲ್ಲ’ ಅನ್ನುತ್ತವೆ. ಬೇರೆ ಊರಿನ ಮಗುವಿಗೆ ತೆರಿಗೆ ದುಡ್ಡಿನಲ್ಲಿ ಸಿಗುವ ಶಾಲೆಯನ್ನು, ಈ ಮಗು ತನ್ನ ನೆಲ ಅಗೆಸಿಕೊಂಡು ಬಂದ ದುಡ್ಡಿನಲ್ಲಿ ಕಟ್ಟಿಕೊಳ್ಳಬೇಕಾ? ಇದು ಅನ್ಯಾಯ. ಡೀಡ್ ಬರೆಯುವಾಗಲೇ, ಸರ್ಕಾರ ಕೊಡಬೇಕಾದ ಮೂಲ ಸೇವೆಗೆ ಈ ದುಡ್ಡು ಬದಲಿ ಅಲ್ಲ ಅಂತ ಸೇರಿಸುವುದು ಒಳ್ಳೆಯದು.

ಟ್ರಸ್ಟ್‌ಗೆ ಇನ್ನೊಂದು ಕಾರಣ ತೆರಿಗೆ. ದತ್ತಿ ಟ್ರಸ್ಟ್ ಅಂದರೆ ಬಡತನ, ವಿದ್ಯೆ, ಆರೋಗ್ಯದಂಥ ಸಾರ್ವಜನಿಕ ಉದ್ದೇಶಕ್ಕೆ ಕಟ್ಟಿದ್ದು. ಅದರ ಆದಾಯಕ್ಕೆ ತೆರಿಗೆ ಇಲ್ಲ. ಆದರೆ ಇಂಗ್ಲಿಷರ ಕಾಲದಿಂದ ಬಂದ ಹಳೆಯ ನಿಯಮ ಒಂದಿತ್ತು: ಫಲಾನುಭವಿಗಳೆಲ್ಲ ಒಂದೇ ಕುಟುಂಬದ ಬಳ್ಳಿಯವರಾದರೆ ಅದು ‘ಸಾರ್ವಜನಿಕ’ ಅಲ್ಲ. ಮೂಲನಿವಾಸಿ ಕುಲ ಅಂದರೆ ಎಲ್ಲರೂ ನೆಂಟರೇ ತಾನೆ? ಆಸ್ಟ್ರೇಲಿಯಾದ 2013ರ ದತ್ತಿ ಕಾಯ್ದೆ ಈ ಗಂಟನ್ನು ಬಿಡಿಸಿತು. ಮೂಲನಿವಾಸಿಗಳ ವಿಷಯದಲ್ಲಿ ನೆಂಟಸ್ತಿಕೆ ಒಂದೇ ಕಾರಣಕ್ಕೆ ದತ್ತಿ ಸ್ಥಾನ ತಪ್ಪುವುದಿಲ್ಲ ಅಂತ ಹೇಳಿತು.

ಆದರೂ ದತ್ತಿ ಟ್ರಸ್ಟ್‌ನ ಅಂಗಿ ಕೆಲವೊಮ್ಮೆ ಬಿಗಿ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಕಬ್ಬಿಣದ ಅದಿರಿನ ದೊಡ್ಡ ಗಣಿಗಳಿವೆ. 1997ರಲ್ಲಿ ಯಾಂಡಿ ಗಣಿಗಾಗಿ ಹ್ಯಾಮರ್ಸ್‌ಲಿ ಐರನ್ ಕಂಪನಿ ಅಲ್ಲಿನ ಮೂರು ಭಾಷಾ ಗುಂಪುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಜನರಲ್ ಗುಮಾಲಾ ಫೌಂಡೇಶನ್ ಅನ್ನುವ ದತ್ತಿ ಟ್ರಸ್ಟ್ ಬಂತು. ನೇಟಿವ್ ಟೈಟಲ್ ಕಾಯ್ದೆ ಬಂದ ಮೇಲೆ ಆದ ದೊಡ್ಡ ಗಣಿ ಒಪ್ಪಂದಗಳಲ್ಲಿ ಇದು ಮೊದಮೊದಲಿನದು. ಓದು, ಆರೋಗ್ಯ, ಮುದುಕರ ಆರೈಕೆಗೆ ಅಲ್ಲಿಂದ ಕೊಡಬಹುದು. ಆದರೆ ಒಬ್ಬ ಸದಸ್ಯ ಟಿಪ್ಪರ್ ಕೊಂಡು ದುಡಿಯುತ್ತೇನೆ ಅಂದರೆ, ಅದು ಒಬ್ಬನ ವ್ಯಾಪಾರ, ದತ್ತಿ ಟ್ರಸ್ಟ್‌ಗೆ ಕಷ್ಟ. ಎಲ್ಲರಿಗೂ ಸಮನಾಗಿ ನಗದು ಹಂಚುವುದೂ ಕಷ್ಟ. ಹಾಗಾಗಿ ಆಮೇಲಿನ ಒಪ್ಪಂದಗಳಲ್ಲಿ ಎರಡು ಪೆಟ್ಟಿಗೆ ಇಡುವ ರೂಢಿ ಬಂತು: ಸಮುದಾಯಕ್ಕೆ ದತ್ತಿ ಟ್ರಸ್ಟ್, ಕುಟುಂಬಗಳ ನೇರ ಪಾಲಿಗೆ ಇನ್ನೊಂದು ಸಾಮಾನ್ಯ ಟ್ರಸ್ಟ್. ದತ್ತಿಯ ಕಡೆ ಒಂದು ಪಾಲನ್ನು ಮುಂದಿನ ತಲೆಮಾರಿಗೆ ಅಂತ ಮುಟ್ಟದೆ ಬೆಳೆಸುವುದೂ ಸಾಮಾನ್ಯ.

ಸತ್ತವರ ಕಾರ್ಯಕ್ಕೆ ಕೊಡುವುದನ್ನು ಹೊರಗಿನವರು ಕೆಲವೊಮ್ಮೆ ದುಂದು ಅನ್ನುತ್ತಾರೆ. ನಮಗೆ ಅದು ಬೇಗ ಅರ್ಥವಾಗಬೇಕು. ನಮ್ಮಲ್ಲಿ ಮದುವೆ ತಪ್ಪಿಸಿದರೂ ಮಣ್ಣಿಗೆ ಹೋಗುವುದು ತಪ್ಪಿಸುವುದಿಲ್ಲ. ಅಲ್ಲಿ ಒಬ್ಬರು ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡರೆ, ನೂರಾರು ಕಿ.ಮೀ. ದೂರದ ಅವರ ನೆಲಕ್ಕೇ ದೇಹ ಹೋಗಬೇಕು. ಕೆಲವೊಮ್ಮೆ ಸಣ್ಣ ವಿಮಾನದಲ್ಲಿ. ನೆಂಟರು ಎಲ್ಲೆಲ್ಲಿಂದಲೋ ಬರಬೇಕು, ಬಂದವರಿಗೆ ಊಟ ಆಗಬೇಕು. ಅದಕ್ಕೆ ಟ್ರಸ್ಟ್ ನೆರವಾಗುವುದು ಮರ್ಯಾದೆಯ ವಿಷಯ.

ಇಷ್ಟು ಹೇಳಿದ ಮೇಲೆ ಎಡವಿದ ಜಾಗಗಳನ್ನೂ ಹೇಳಬೇಕು. ಒಂದೇ ಗಣಿಯ ಮೇಲೆ ನಿಂತ ಟ್ರಸ್ಟ್ ಒಂದೇ ಕಾಲಿನ ಮೇಲೆ ನಿಂತ ಹಾಗೆ. ಉತ್ತರದ ಗ್ರೂಟ್ ಐಲ್ಯಾಂಡ್ ದ್ವೀಪದಲ್ಲಿ 1960ರ ದಶಕದಿಂದ ಮ್ಯಾಂಗನೀಸ್ ಗಣಿ ಇದೆ. ಅಲ್ಲಿನ ಅನಿಂದಿಲ್ಯಾಕ್ವಾ ಜನರ ಟ್ರಸ್ಟ್ 1969ರದ್ದು, ಭೂ ಹಕ್ಕು ಕಾಯ್ದೆಗಿಂತ ಹಳೆಯದು. 2024ರ ಮಾರ್ಚ್‌ನಲ್ಲಿ ಮೇಗನ್ ಚಂಡಮಾರುತ ಬಂದು ಅದಿರು ತುಂಬುವ ಹಡಗುಕಟ್ಟೆ ಮುರಿಯಿತು. ಒಂದು ವರ್ಷಕ್ಕೂ ಜಾಸ್ತಿ ರಫ್ತು ನಿಂತಿತು. ಅದಿರು ಹೋಗದಿದ್ದರೆ ರಾಯಲ್ಟಿ ಎಲ್ಲಿಂದ? ಅದರ ಮೇಲೆ ಸಂಬಳ, ಮನೆ, ಶಾಲೆ ಎಲ್ಲ ಕಟ್ಟಿಕೊಂಡವರಿಗೆ ಅದು ಬರದ ವರ್ಷ. ಬರದ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಂದರೆ ಬಾಯಿ ಕಟ್ಟುವುದು. 2020ರ ಮೇ 24ರಂದು ಪಿಲ್ಬರಾದ ಜೂಕನ್ ಗೋರ್ಜ್‌ನಲ್ಲಿ ರಿಯೋ ಟಿಂಟೋ ಕಂಪನಿ 46,000 ವರ್ಷ ಹಿಂದೆಯೇ ಜನ ಬಾಳಿದ್ದ ಬಂಡೆಯಾಸರೆಗಳನ್ನು ಸಿಡಿಮದ್ದು ಇಟ್ಟು ಒಡೆಯಿತು. ಆಮೇಲೆ ನಡೆದ ಸಂಸತ್ತಿನ ವಿಚಾರಣೆಯಲ್ಲಿ ಹೊರಗೆ ಬಂದದ್ದೇನು ಅಂದರೆ, ಆ ಸೀಮೆಯ ಒಪ್ಪಂದಗಳಲ್ಲಿ ಬಹಿರಂಗವಾಗಿ ವಿರೋಧ ಮಾಡಬಾರದು ಅನ್ನುವ ಷರತ್ತುಗಳಿದ್ದವು. ದುಡ್ಡು ತೆಗೆದುಕೊಂಡವರು ಕೂಗುವ ಹಾಗೂ ಇಲ್ಲ. ಯಾವ ಟ್ರಸ್ಟ್‌ಗೇ ಆಗಲಿ, ಸಹಿ ಹಾಕುವ ಮುಂಚೆ ಇಂಥ ಸಾಲು ಎಲ್ಲಿದೆ ಅಂತ ಹುಡುಕಿ. ಸಾಮಾನ್ಯವಾಗಿ ಅದು ಕೊನೆಯ ಪುಟಗಳಲ್ಲಿ, ‘ಗೌಪ್ಯತೆ’ ಅನ್ನುವ ತಲೆಬರಹದ ಕೆಳಗೆ ಇರುತ್ತದೆ.

ಈಗ ನಮ್ಮ ಊರಿಗೆ ಬರೋಣ. ಭಾರತದಲ್ಲಿ ಈ ವಿಚಾರಕ್ಕೆ ಬೀಜ ಹಾಕಿದ್ದು 1997ರ ಸಮತಾ ತೀರ್ಪು. ಆಂಧ್ರದ ವಿಶಾಖಪಟ್ಟಣ ಜಿಲ್ಲೆಯ ಗುಡ್ಡಗಾಡಿನ ಗಣಿ ಗುತ್ತಿಗೆಗಳ ಮೇಲೆ ಬಂದ ಪ್ರಕರಣ ಅದು. ಪರಿಶಿಷ್ಟ ಪ್ರದೇಶದ (ಸಂವಿಧಾನದ ಕೆಳಗೆ ಗುರುತಿಸಿದ ಆದಿವಾಸಿ ಸೀಮೆಯ) ಗಣಿಯ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 20 ಅಲ್ಲಿನ ನೀರು, ಶಾಲೆ, ಆಸ್ಪತ್ರೆ, ರಸ್ತೆಗೆ ಎತ್ತಿಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದು ಜಿಲ್ಲಾ ಖನಿಜ ಪ್ರತಿಷ್ಠಾನ ಹುಟ್ಟಿತು. ನೀವು ಡಿಎಂಎಫ್ ಅನ್ನುವುದು ಅದನ್ನೇ. ಲಾಭವಿಲ್ಲದ ಟ್ರಸ್ಟ್ ರೂಪ ಅದರದ್ದು. 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆದಾರರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು, ರಾಜಧನದ ಮೇಲೆ ಹೆಚ್ಚಾಗಿ ಇದಕ್ಕೆ ಕಟ್ಟಬೇಕು. ಇದೂ ಕಾಯ್ದೆಯ ದುಡ್ಡು. ಕಂಪನಿಗಳು ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಅಂತ ಕೊಡುವುದು ಬೇರೆ, ಇದು ಬೇರೆ. ಬೋರ್ಡಿನಲ್ಲಿ ಯಾರ ಫೋಟೋ ಇದ್ದರೂ ಇದು ನಿಮ್ಮ ಹಕ್ಕು.

ಒಂದು ವ್ಯತ್ಯಾಸ ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಡಿಎಂಎಫ್ ಗಣಿಯಿಂದ ಬಾಧಿತರಾದ ಎಲ್ಲರಿಗೂ, ಬರೀ ಆದಿವಾಸಿಗಳಿಗೆ ಅಂತ ಅಲ್ಲ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ, ಅಂದರೆ ಮೇಲೆ ಹೇಳಿದ ಪರಿಶಿಷ್ಟ ಪ್ರದೇಶಗಳಲ್ಲಿ, ಯೋಜನೆಗೆ ಗ್ರಾಮಸಭೆಯ ಒಪ್ಪಿಗೆ ಬೇಕು. ಕರ್ನಾಟಕದಲ್ಲಿ ಅಂಥ ಅಧಿಸೂಚಿತ ಪ್ರದೇಶ ಒಂದೂ ಇಲ್ಲ. ನಿಮ್ಮ ಸಂಡೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ, ನಾಯಕ ಸಮುದಾಯದವರು ಅಷ್ಟು ಜನ ಇದ್ದಾರೆ. ಆದರೂ ಆ ವಿಶೇಷ ರಕ್ಷಣೆ ನಿಮಗೆ ಇಲ್ಲ. ಪ್ರತಿಷ್ಠಾನದ ಅಧ್ಯಕ್ಷರು ಜಿಲ್ಲಾಧಿಕಾರಿ. ಹಾಗಾಗಿ ಜನರ ಮಾತು ಅಲ್ಲಿಗೆ ತಾನಾಗಿ ತಲುಪುವುದಿಲ್ಲ, ತಲುಪಿಸಬೇಕು.

ಹಾಸ್ಟೆಲ್ ವಿಷಯದಲ್ಲಿ ನಿಮ್ಮ ಕೈ ಗಟ್ಟಿಯಾಗಿದೆ. ಈ ದುಡ್ಡಿನ ಖರ್ಚಿಗೆ ಪ್ರಧಾನ ಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿ ಇದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಕಲ್ಯಾಣದಂಥ ಹೆಚ್ಚಿನ ಆದ್ಯತೆಯ ಕೆಲಸಕ್ಕೆ ಮೊದಲು ಕನಿಷ್ಠ ಶೇ. 60 ಇತ್ತು, 2024ರ ಪರಿಷ್ಕರಣೆಯಲ್ಲಿ ಅದು ಶೇ. 70 ಆಯಿತು. ಶಿಕ್ಷಣದ ಕೆಳಗೆ ದೂರದ ಜಾಗದ ಮಕ್ಕಳಿಗೆ ವಸತಿ ನಿಲಯ ಅಂತ ಹೆಸರಿಟ್ಟೇ ಬರೆದಿದೆ. ಶಿಕ್ಷಕರು, ಸಹಾಯಕ ಸಿಬ್ಬಂದಿಯನ್ನು ನೇಮಿಸುವುದೂ ಅದೇ ಸಾಲಿನಲ್ಲಿದೆ. ಈ ಎರಡನೆಯದನ್ನು ಯಾರೂ ಓದುವುದಿಲ್ಲ.

ಅದಕ್ಕೆ ಕಾರಣ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಗಣಿ ಜಿಲ್ಲೆಯಲ್ಲಿ ಇಂಥ ದುಡ್ಡಿನ ಕೆಲಸಗಳ ಲೆಕ್ಕ ನೋಡಲು ಹೋಗಿದ್ದೆ. ಊರ ಮುಂದೆ ಶುದ್ಧ ಕುಡಿಯುವ ನೀರಿನ ಘಟಕ. ಹೊರಗೆ ಚೆಂದದ ಬಣ್ಣ, ಬಾಗಿಲಿಗೆ ಬೀಗ. ಐದು ರೂಪಾಯಿ ಕಾಯಿನ್ ಹಾಕುವ ಕಿಂಡಿಯಲ್ಲಿ ಜೇಡ ಗೂಡು ಕಟ್ಟಿತ್ತು. ಕಾಗದದಲ್ಲಿ ಎಲ್ಲ ಸರಿ: ಟೆಂಡರ್, ಬಿಲ್ಲು, ಕೆಲಸ ಮುಗಿದ ಪ್ರಮಾಣಪತ್ರ, ಉದ್ಘಾಟನೆಯ ಫೋಟೋ. ಒಂದು ಮುದುಕಿ ಬಿಂದಿಗೆ ಹೊತ್ತು ಕೈಪಂಪಿನ ಕಡೆಯಿಂದ ಬರುತ್ತಿದ್ದಳು. ‘ಪೊರೆ ಹೋಗೇತಂತಪ್ಪ, ಹಾಕಾಕ ರೊಕ್ಕ ಇಲ್ಲಂತ’ ಅಂದಳು. ಒಳಗಿನ ಮೆಂಬ್ರೇನ್ ಬದಲಾಯಿಸಲು ಯೋಜನೆಯಲ್ಲಿ ಒಂದು ರೂಪಾಯಿ ಇಟ್ಟಿರಲಿಲ್ಲ. ಲಕ್ಷಗಟ್ಟಲೆ ಸುರಿದ ಘಟಕ ಅಷ್ಟಕ್ಕೇ ನಿಂತಿತ್ತು. ಆ ಊರಿನ ಒಬ್ಬ ಹೆಂಗಸನ್ನು ಕರೆದು ಕೇಳಿದ್ದರೂ ಸಾಕಿತ್ತು, ‘ಕೆಟ್ಟರೆ ಯಾರು ರಿಪೇರಿ ಮಾಡಿಸೋರು?’ ಅಂತ ಮೊದಲೇ ಕೇಳಿರುತ್ತಿದ್ದಳು.

ಹಾಗಾಗಿ ನಿಮ್ಮ ಅರ್ಜಿಯಲ್ಲಿ ಕಟ್ಟಡದ ಜೊತೆಗೆ ನಡೆಸುವ ಖರ್ಚನ್ನೂ ಬರೆಯಿರಿ. ವಾರ್ಡನ್, ಅಡುಗೆಯವರು, ರಾತ್ರಿ ಕಾವಲಿನವರ ಸಂಬಳ, ಕರೆಂಟು, ಗ್ಯಾಸು, ಬೋರ್‌ವೆಲ್ ರಿಪೇರಿ, ಐದು ವರ್ಷಕ್ಕೆ ಎಷ್ಟು ಅಂತ. ಐದು ವರ್ಷದ ನಂತರ ಯಾವ ಇಲಾಖೆ ವಹಿಸಿಕೊಳ್ಳುತ್ತದೆ ಅಂತ ಆ ಇಲಾಖೆಯಿಂದ ಒಂದು ಪತ್ರ ತೆಗೆದುಕೊಳ್ಳಿ. ಸುಮ್ನೆ ಬಾಯಿಮಾತು ಬೇಡ. ಕಟ್ಟಡ ಬೇಕೇ ಬೇಕಾ ಅಂತಲೂ ಯೋಚಿಸಿ. ಒಂದು ಮನೆ ಬಾಡಿಗೆಗೆ ಹಿಡಿದು, ಒಬ್ಬ ಒಳ್ಳೆಯ ವಾರ್ಡನ್ ಇಟ್ಟರೆ ಈ ಜೂನ್‌ಗೇ ಹುಡುಗಿಯರು ಬಂದು ಸೇರಬಹುದು.

ಅರ್ಜಿ ಸಂಘದ ಹೆಸರಿನಲ್ಲಿ ಮಾತ್ರ ಹೋದರೆ ಬಲ ಕಡಿಮೆ. ಮೊದಲು ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ. ಎಷ್ಟು ಹುಡುಗಿಯರು ಹತ್ತನೇ ಕ್ಲಾಸಿನ ಮೇಲೆ ಓದು ಬಿಟ್ಟರು, ಅವರ ಮನೆಯಿಂದ ಕಾಲೇಜು ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ, ಅದಿರಿನ ಲಾರಿಗಳ ನಡುವೆ ಸೈಕಲ್‌ನಲ್ಲಿ ಹೋಗಲು ಆಗುತ್ತದಾ, ಇದನ್ನೆಲ್ಲ ಮನೆಮನೆಗೆ ಹೋಗಿ ಬರೆದುಕೊಳ್ಳಿ. ಆ ಪಟ್ಟಿ ನಿಮ್ಮ ಕೈಲಿ ಇದ್ದರೆ ಯಾವ ಅಧಿಕಾರಿಯೂ ಹಗುರವಾಗಿ ನೋಡುವುದಿಲ್ಲ. ಪ್ರತಿಷ್ಠಾನ ತನ್ನ ಸಭೆಯ ನಡಾವಳಿ, ವಾರ್ಷಿಕ ಯೋಜನೆ, ಕಾಮಗಾರಿಗಳ ಸ್ಥಿತಿ, ಬಾಧಿತ ಪ್ರದೇಶದ ಪಟ್ಟಿ ಎಲ್ಲವನ್ನೂ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಊರು ಆ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಹಾಸ್ಟೆಲ್‌ಗಿಂತ ಮುಂಚೆ ಅದಕ್ಕೇ ಅರ್ಜಿ ಹಾಕಬೇಕಾಗುತ್ತದೆ. ವೆಬ್‌ಸೈಟಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.

ಇನ್ನೊಂದು ವಿಷಯ. ವರ್ಷಕ್ಕೆ 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಬರುವ ಜಿಲ್ಲೆಗಳು ಶೇ. 10ರವರೆಗೆ ಎತ್ತಿಟ್ಟು, ಗಣಿ ಮುಗಿದ ಊರುಗಳ ಜೀವನಕ್ಕೆ ಶಾಶ್ವತ ನಿಧಿ ಮಾಡಬಹುದು ಅಂತ 2024ರ ಮಾರ್ಗಸೂಚಿಯಲ್ಲಿದೆ. ನಿಮ್ಮ ಠರಾವಿನಲ್ಲಿ ಅದನ್ನೂ ಒಂದು ಸಾಲು ಕೇಳಿ: ನಮ್ಮ ಜಿಲ್ಲೆಯಲ್ಲಿ ಆ ನಿಧಿ ಶುರುವಾಗಿದೆಯಾ, ಎಷ್ಟಿದೆ? ಗ್ರೂಟ್ ಐಲ್ಯಾಂಡ್‌ನವರು ಚಂಡಮಾರುತ ಬಂದ ಮೇಲೆ ಕೇಳಿಕೊಂಡ ಪ್ರಶ್ನೆಯನ್ನು ನೀವು ಅದಿರು ಇರುವಾಗಲೇ ಕೇಳಿದ ಹಾಗಾಗುತ್ತದೆ.

ಮತ್ತೆ ನಿಮ್ಮಕ್ಕನಿಗೆ ನನ್ನದೊಂದು ಕೋರಿಕೆ. ಅಲ್ಲಿ ದತ್ತಿ ಸಂಸ್ಥೆಗಳ ಮತ್ತು ಮೂಲನಿವಾಸಿ ಸಂಘಗಳ ಕಡತಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ಸಾರ್ವಜನಿಕ ದಾಖಲೆಪಟ್ಟಿಗಳಿವೆ. ವಾರ್ಲ್‌ಪಿರಿ ಟ್ರಸ್ಟ್‌ನ ಯೋಜನೆಗಳ ವರದಿ ಸಿಕ್ಕರೆ ಕಳಿಸಲು ಹೇಳಿ. ಅಜ್ಜಿಯರಿಗೆ ಪಾಠದ ಸಂಬಳ ಅಂತ ಅವರು ಹೇಗೆ ಬರೆದಿದ್ದಾರೆ ಅನ್ನುವ ಭಾಗವನ್ನು ಕನ್ನಡಕ್ಕೆ ಮಾಡಿ ಗ್ರಾಮಸಭೆಯಲ್ಲಿ ಓದಿ. ಹಾಸ್ಟೆಲ್‌ನ ಅಡುಗೆಗೆ, ರಾತ್ರಿ ಹುಡುಗಿಯರ ಜೊತೆ ಇರುವುದಕ್ಕೆ ನಿಮ್ಮ ಸಂಘದ ಹಿರಿಯ ಹೆಂಗಸರನ್ನೇ ಸಂಬಳಕ್ಕೆ ಇಟ್ಟುಕೊಳ್ಳಬೇಕು ಅಂತ ಬರೆಯುವಾಗ ಅದು ಕೆಲಸಕ್ಕೆ ಬರುತ್ತದೆ. ಕರಡು ಸಿದ್ಧವಾದ ಮೇಲೆ ನನಗೆ ಕಳಿಸಿ. ಖರ್ಚಿನ ಪಟ್ಟಿಯನ್ನು ನಾನೇ ಕೂತು ನೋಡಿಕೊಡುತ್ತೇನೆ.